ಕರಡಿಯ ಮನೆಯ ಅಂಗಳದಲ್ಲಿ

ಬೆಟ್ಟವನ್ನು ಕಂಡರೆ ಹತ್ತಬೇಕೆನ್ನುವುದು ನಮ್ಮ ನಾಡಿನವರಿಗೆ ಹುಟ್ಟಿನಿಂದ ಬಂದ ಗುಣ. ದೇವರುಗಳೂ ಇದನ್ನು ಬಲ್ಲರೆಂದು ತೋರುತ್ತದೆ. ಆದಷ್ಟು ಎತ್ತರದಲ್ಲಿಯೇ ಅವರು ಮನೆ ಮಾಡಿಕೊಂಡಿದ್ದಾರೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು; ಶ್ರವಣಬೆಳಗೊಳದ ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಮೇಲೆ. ಬುಡದಲ್ಲಿ ಪಾದರಕ್ಷೆಯನ್ನು ಬಿಟ್ಟು, ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಹೆಜ್ಜೆಯಿಟ್ಟು, ನಡುವೆ ಎರಡು ಸಲ ಕುಳಿತು ದಣಿವಾರಿಸಿಕೊಂಡು ಮೇಲೇರಿದವನಿಗೆ ದರ್ಶನಕ್ಕೆ ಮೊದಲೇ ಅರ್ಧ ಪುಣ್ಯ ಬಂದಂತೆ. ಬುಡದವರೆಗೆ ಹೋಗಿ ಹತ್ತದೆ ಹಿಂದಿರುಗಿದವನನ್ನು ಊರಿನಲ್ಲಿ ಯಾರೂ ಯಾತ್ರಿಕನೆನ್ನರು. ಹೀಗಿರುವಾಗ, ಹತ್ತದಿರುವುದೇ ಭಕ್ತಿಯೆಂದು ತಿಳಿದ ಜನರೂ ಲೋಕದಲ್ಲಿ ಉಂಟೆಂಬುದನ್ನು ನಾನು ಕಣ್ಣಾರೆ ಕಂಡದ್ದು ಅರುವತ್ತೆಂಟನೆಯ ವಯಸ್ಸಿನಲ್ಲಿ, ಅಮೆರಿಕದ ವಯೋಮಿಂಗ್ ಸಂಸ್ಥಾನದ ಒಂದು ಬಂಡೆಯ ಬುಡದಲ್ಲಿ.

ಆ ಬಂಡೆಗೆ ಇಂಗ್ಲಿಷಿನಲ್ಲಿ ‘ಡೆವಿಲ್ಸ್ ಟವರ್’ ಎಂದು ಹೆಸರು. ಎಂದರೆ ಸೈತಾನನ ಗೋಪುರ. 2019ರ ಜೂನ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಡೆನ್ವರ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೊಮ್ಮಗಳ ಶಾಲೆಗೆ ರಜೆ ಬಂದಿತ್ತು. ಅಳಿಯಂದಿರು ಒಂದು ವಾರದ ಮಟ್ಟಿಗೆ ಮನೆಬಂಡಿಯೊಂದನ್ನು ಬಾಡಿಗೆಗೆ ತಂದರು. ಆ ದೇಶದವರು ಇದನ್ನು ‘ಆರ್.ವಿ.’ ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ಇಪ್ಪತ್ತೈದು ಅಡಿ ಉದ್ದದ ಲಾರಿಯ ಮೈಯೊಳಗೆ ಒಂದು ಸಂಸಾರವನ್ನೇ ಮಡಿಸಿ ಇಟ್ಟಂತಿತ್ತು ಅದು. ಚಾಲಕನ ಬೆನ್ನ ಹಿಂದೆ ಊಟದ ಮೇಜು. ರಾತ್ರಿ ಅದೇ ಮೇಜು ತಗ್ಗಿ ಹಾಸಿಗೆಯಾಗುತ್ತದೆ. ಗ್ಯಾಸಿನ ಒಲೆ, ಸಣ್ಣದೊಂದು ಫ್ರಿಜ್ಜು, ಬಚ್ಚಲು, ಹಿಂದುಗಡೆ ಮಲಗುವ ಕೋಣೆ. ಹೊಟ್ಟೆಯ ಕೆಳಗೆ ಮೂರು ತೊಟ್ಟಿಗಳು: ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಸ್ನಾನದ ಮತ್ತು ಪಾತ್ರೆ ತೊಳೆದ ನೀರು, ಮೂರನೆಯದರಲ್ಲಿ ಕಕ್ಕಸಿನದು. ಮೊದಲನೆಯದು ಬರಿದಾದಷ್ಟೂ ಉಳಿದೆರಡು ತುಂಬುತ್ತವೆ. ಬಳಸಿದ ನೀರು ಎಲ್ಲಿಯೋ ಮಾಯವಾಗುವುದಿಲ್ಲ, ಅದನ್ನು ಹೊತ್ತುಕೊಂಡೇ ಪಯಣಿಸಬೇಕು ಎಂಬ ಸತ್ಯವನ್ನು ಈ ಬಂಡಿ ದಿನವೂ ಲೆಕ್ಕ ಹಾಕಿ ತೋರಿಸುತ್ತಿತ್ತು.

ನನ್ನ ಹೆಂಡತಿ ಒಳಹೊಕ್ಕು ಎಲ್ಲವನ್ನೂ ನೋಡಿ, “ಎಲ್ಲ ಇದೆ, ದೇವರ ಮನೆಯೊಂದು ಇಲ್ಲ” ಎಂದು ಒಲೆಯ ಮೇಲಣ ಬೀರುವಿನಲ್ಲಿ ಪುಟ್ಟದೊಂದು ಪಟವನ್ನು ಇಟ್ಟಳು. ಬಂಡಿ ಹೊರಡುವ ಮುನ್ನ ಬೀರುಗಳಿಗೆಲ್ಲ ಚಿಲಕ ಹಾಕಬೇಕೆಂಬುದು ನಿಯಮ. ಅದರಿಂದ ದೇವರಿಗೂ ವಿನಾಯಿತಿ ಇರಲಿಲ್ಲ.

ಡೆನ್ವರಿನಿಂದ ಆ ಬಂಡೆಗೆ ಸುಮಾರು ನಾನೂರು ಮೈಲಿ. ಉತ್ತರಕ್ಕೆ ಹೊರಟು ಶಯಾನ್ ನಗರವನ್ನು ದಾಟಿದ ಮೇಲೆ ಕಣ್ಣಿಗೆ ಬೀಳುವುದು ಹುಲ್ಲು, ಆಕಾಶ, ತಂತಿಬೇಲಿ, ಅಲ್ಲಲ್ಲಿ ಕಪ್ಪು ದನಗಳು. ವಯೋಮಿಂಗ್ ಸಂಸ್ಥಾನ ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು; ಅಲ್ಲಿರುವ ಜನರಾದರೋ ಆರು ಲಕ್ಷಕ್ಕೂ ಕಡಮೆ. ಗಂಟೆಗಟ್ಟಲೆ ಹೋದರೂ ಊರು ಬರುವುದಿಲ್ಲ. ಬಂದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಲಸ್ಕ್, ನ್ಯೂಕಾಸಲ್, ಅಪ್ಟನ್ ಎಂಬ ಊರುಗಳು ಹೀಗೆ ಬಂದುವು, ಹೋದುವು. ದಾರಿಯಲ್ಲಿ ಒಂದು ರಾತ್ರಿ ಕಳೆದು, ಮರುದಿನ ಮಧ್ಯಾಹ್ನ ಮೂರ್‌ಕ್ರಾಫ್ಟನ್ನು ದಾಟಿ ಈಶಾನ್ಯಕ್ಕೆ ತಿರುಗಿದೆವು. ಸ್ವಲ್ಪ ಹೊತ್ತಿನಲ್ಲಿ ಕೆಂಪುಮಣ್ಣಿನ ದಿಣ್ಣೆಗಳ ಆಚೆ, ದೂರದಲ್ಲಿ, ಕಡಿದ ಮರದ ಬೊಡ್ಡೆಯಂಥದೊಂದು ಆಕೃತಿ ಮೇಲೆದ್ದಿತು. ರಸ್ತೆ ತಿರುಗಿದಾಗ ಮರೆಯಾಗುವುದು, ಮತ್ತೊಮ್ಮೆ ಕಂಡಾಗ ಮೊದಲಿಗಿಂತ ದೊಡ್ಡದಾಗಿರುವುದು. ಬಂಡಿಯಲ್ಲಿ ಮಾತು ತಾನಾಗಿ ನಿಂತುಹೋಯಿತು.

ಬುಡದಿಂದ ನೆತ್ತಿಗೆ 867 ಅಡಿ. ಬೆಳಗೊಳದ ಗೊಮ್ಮಟನಂಥ ಹದಿನೈದು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಸುಮಾರಾಗಿ ಆ ಎತ್ತರ. ನೆತ್ತಿ ಮಟ್ಟಸವಾಗಿ ಒಂದೂವರೆ ಎಕರೆಯಷ್ಟಿದೆ. ಆದರೆ ಬೆರಗುಗೊಳಿಸುವುದು ಎತ್ತರವಲ್ಲ, ಮೈಯ ರಚನೆ. ನೂರಾರು ಅಡಿ ಉದ್ದದ ಕಲ್ಲಿನ ಕಂಬಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿದಂತಿದೆ ಅದು. ಕಂಬಗಳಿಗೆ ನಾಲ್ಕು, ಐದು, ಬಹುಮಟ್ಟಿಗೆ ಆರು ಮುಖಗಳು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಕಾದ ಶಿಲಾರಸ ಮೇಲಕ್ಕೆ ನುಗ್ಗಿತು. ಅದು ನೆಲದ ಮೇಲ್ಮೈಯನ್ನು ಮುಟ್ಟಿತೆ, ಒಳಗೇ ನಿಂತಿತೆ ಎಂಬ ವಿಷಯದಲ್ಲಿ ಭೂವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆರಿದಂತೆ ಅದು ಕುಗ್ಗಿತು, ಕುಗ್ಗಿದಂತೆ ಬಿರಿಯಿತು. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಹೇಗೆ ಹೆಂಚು ಹೆಂಚಾಗಿ ಒಡೆಯುವುದೋ ಹಾಗೆ. ಆದರೆ ಇಲ್ಲಿ ಬಿರುಕು ಆಳ ಆಳಕ್ಕೆ ಇಳಿದು ಹೆಂಚುಗಳು ಕಂಬಗಳಾದುವು. ಅದನ್ನು ಮುಚ್ಚಿದ್ದ ಮೆತು ಕಲ್ಲನ್ನು ಮಳೆಯೂ ಹೊಳೆಯೂ ಕೊಚ್ಚಿಕೊಂಡು ಹೋದುವು. ಆದ್ದರಿಂದ ಇದು ಬೆಳೆದು ನಿಂತ ಬೆಟ್ಟವಲ್ಲ, ಸುತ್ತಲಿನದೆಲ್ಲ ಕರಗಿಹೋದ ಮೇಲೆ ಉಳಿದು ನಿಂತ ಬೆಟ್ಟ.

ಬಂಡೆಯ ಬುಡದಲ್ಲಿ ಹರಿಯುವ ಬೆಲ್ ಫೂಷ್ ಹೊಳೆಯ ದಂಡೆಯಲ್ಲಿ ಬಂಡಿಗಳು ತಂಗಲು ಸರ್ಕಾರದ ತೋಪೊಂದಿದೆ. ವಿದ್ಯುತ್ತಿನ ಸಂಪರ್ಕವಾಗಲಿ, ಬಂಡಿಗೆ ಜೋಡಿಸುವ ನೀರಿನ ಕೊಳವೆಯಾಗಲಿ ಅಲ್ಲಿಲ್ಲ. ಮೊದಲು ಬಂದವರಿಗೆ ಮೊದಲು ಜಾಗ. ಅಳಿಯಂದಿರು ಗಾಲಿಗಳ ಕೆಳಗೆ ಹಲಗೆ ಕೊಟ್ಟು ಬಂಡಿಯನ್ನು ಸಮಮಾಡಿದರು. ಮಗಳು ಚಿಲಕಗಳನ್ನು ತೆಗೆದಳು. ಮೊಸರನ್ನದ ಪಾತ್ರೆಯ ಜೊತೆಗೆ ದೇವರೂ ಹೊರಗೆ ಕಾಣಿಸಿಕೊಂಡರು. ಕಿಟಕಿಯ ತುಂಬ ಆ ಬಂಡೆ.

ಅಳಿಯಂದಿರ ವಿಷಯವಾಗಿ ಇಲ್ಲಿ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲದಿಂದಲೂ ಅವರಿಗೆ ಬಂಡೆ ಹತ್ತುವ ಹವ್ಯಾಸ. ಭಾನುವಾರ ಬಂದರೆ ರಾಮನಗರಕ್ಕೋ ಸಾವನದುರ್ಗಕ್ಕೋ ಹಗ್ಗ ಹೊತ್ತು ಹೋಗುತ್ತಿದ್ದರಂತೆ. ಈ ಬಂಡೆಯ ಚಿತ್ರವನ್ನು ಇಪ್ಪತ್ತರ ವಯಸ್ಸಿನಲ್ಲಿ ನೋಡಿದಂದಿನಿಂದ ಅದನ್ನು ಹತ್ತಬೇಕೆಂಬ ಆಸೆ ಅವರ ಮನಸ್ಸಿನಲ್ಲಿತ್ತು. ಬಂಡಿಯ ಕೆಳಗಣ ಪೆಟ್ಟಿಗೆಯಲ್ಲಿ ಹಗ್ಗ, ಕೊಕ್ಕೆ, ವಿಶೇಷವಾದ ಪಾದರಕ್ಷೆ ಎಲ್ಲವೂ ಸಿದ್ಧವಾಗಿದ್ದುವು. ಜೊತೆಗಾರರೊಬ್ಬರು ಮರುದಿನ ರಾತ್ರಿ ತಮ್ಮ ಕಾರಿನಲ್ಲಿ ಬಂದು ಸೇರುವುದೆಂದು ಗೊತ್ತಾಗಿತ್ತು.

ಹತ್ತುವವರ ಕಥೆ ಈ ಬಂಡೆಗೆ ಹೊಸದಲ್ಲ. 1893ರ ಜುಲೈ 4ರಂದು, ಆ ದೇಶದ ಸ್ವಾತಂತ್ರ್ಯದ ಹಬ್ಬದ ದಿನ, ವಿಲಿಯಂ ರಾಜರ್ಸ್ ಎಂಬಾತ ಸಂದಿಯೊಂದರಲ್ಲಿ ಮರದ ಗೂಟಗಳನ್ನು ಹೊಡೆದು ಏಣಿ ಮಾಡಿ, ಜನ ನೆರೆದು ನೋಡುತ್ತಿದ್ದಂತೆ ನೆತ್ತಿಯನ್ನೇರಿದ. ಎರಡು ವರ್ಷದ ಮೇಲೆ ಅವನ ಹೆಂಡತಿ ಲಿನ್ನಿ ಅದೇ ಏಣಿಯಲ್ಲಿ ಹತ್ತಿದಳು. ಆ ಏಣಿಯ ತುಣುಕು ಇಂದಿಗೂ ಕಾಣುತ್ತದೆ. 1941ರ ಅಕ್ಟೋಬರಿನಲ್ಲಿ ಜಾರ್ಜ್ ಹಾಪ್ಕಿನ್ಸ್ ಎಂಬ ಸಾಹಸಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ನೆತ್ತಿಯ ಮೇಲೆ ಇಳಿದ. ಇಳಿದುಬರಲು ಬೇಕಾದ ಹಗ್ಗ ಕೈಗೆಟುಕದ ಕಡೆ ಬಿದ್ದುದರಿಂದ ಆರು ದಿನ ಅಲ್ಲಿಯೇ ಕುಳಿತಿದ್ದು, ಕೊನೆಗೆ ನುರಿತ ಆರೋಹಿಗಳು ಮೇಲೇರಿ ಅವನನ್ನು ಕೆಳಗಿಳಿಸಬೇಕಾಯಿತು. ಏರಿದ ಮೇಲೆ ಇಳಿಯುವುದು ಹೇಗೆಂಬುದು ಹಿರಿಯ ವೇದಾಂತಿಗಳನ್ನೂ ಕಾಡಿದ ಪ್ರಶ್ನೆಯಲ್ಲವೆ?

ಆ ದಿನ ಸಂಜೆ ಉದ್ಯಾನದ ಕಾವಲು ಅಧಿಕಾರಿಣಿಯೊಬ್ಬರು ತಂಗಿದ್ದವರನ್ನೆಲ್ಲ ಸೇರಿಸಿ ಬಂಡೆಯ ಕಥೆ ಹೇಳಿದರು. ಅಗಲ ಅಂಚಿನ ಟೊಪ್ಪಿಗೆ, ಮೃದುವಾದ ಮಾತು. ಇದು ಕಯೋವ ಎಂಬ ಮೂಲನಿವಾಸಿಗಳ ಕಥೆ. ಏಳು ಮಂದಿ ಅಕ್ಕತಂಗಿಯರು ತಮ್ಮನೊಡನೆ ಆಡುತ್ತಿದ್ದರು. ಆಡುತ್ತಿದ್ದಂತೆಯೇ ಹುಡುಗ ಕರಡಿಯಾಗಿಬಿಟ್ಟ. ಹೆದರಿದ ಹುಡುಗಿಯರು ಓಡಿದರು; ದಾರಿಯಲ್ಲಿದ್ದ ಮರದ ಬೊಡ್ಡೆಯೊಂದು ‘ನನ್ನ ಮೇಲೆ ಹತ್ತಿ’ ಎಂದಿತು. ಅವರು ಹತ್ತಿದೊಡನೆ ಅದು ಆಕಾಶಕ್ಕೆ ಬೆಳೆಯತೊಡಗಿತು. ಕರಡಿ ಸುತ್ತಲೂ ಉಗುರಿನಿಂದ ಪರಚಿತು; ಕಂಬಗಳಂತೆ ಕಾಣುವ ಆ ಗೀರುಗಳೇ ಅದಕ್ಕೆ ಸಾಕ್ಷಿ. ಹುಡುಗಿಯರು ಆಕಾಶವನ್ನು ಮುಟ್ಟಿ ಏಳು ನಕ್ಷತ್ರಗಳಾದರು. ಯಾವ ಏಳು ಎಂದು ಮೊಮ್ಮಗಳು ಕೇಳಿದಳು. ಜೂನ್ ತಿಂಗಳಲ್ಲಿ ಆ ಸೀಮೆಯಲ್ಲಿ ಸೂರ್ಯ ಮುಳುಗುವುದು ಎಂಟೂವರೆಯ ಮೇಲೆ. ಕತ್ತಲಾಗುವವರೆಗೆ ಕಾದು ಅಧಿಕಾರಿಣಿ ಬೆರಳು ತೋರಿಸಿದರು. ಬಂಡೆಯ ಮೇಲುಗಡೆ ನಿಚ್ಚಳವಾಗಿ ನಮ್ಮ ಸಪ್ತರ್ಷಿ ಮಂಡಲ! ಇದೇ ಕಥೆಯನ್ನು ಕೆಲವರು ಕೃತ್ತಿಕೆಗೆ ಹೇಳುವುದೂ ಉಂಟಂತೆ. ಏಳು ಋಷಿಗಳನ್ನು ಕಂಡು ಬೆಳೆದ ಅಜ್ಜಿ, ಏಳು ಅಕ್ಕತಂಗಿಯರನ್ನು ಕಂಡ ಮೊಮ್ಮಗಳು. ಇಬ್ಬರೂ ಒಂದೇ ಕಡೆ ತಲೆಯೆತ್ತಿ ನೋಡುತ್ತಿದ್ದರು. ಕಯೋವರು ಬಹುಕಾಲದ ಹಿಂದೆಯೇ ಈ ಸೀಮೆಯನ್ನು ಬಿಟ್ಟು ದಕ್ಷಿಣದ ಬಯಲಿಗೆ ಹೋದವರು. ಅವರ ನಾಡು ಇಂದು ಓಕ್ಲಹೋಮ. ಬಂಡೆಯನ್ನು ಹೊತ್ತುಕೊಂಡು ಹೋಗಲಾಗದಿದ್ದರೂ ಕಥೆಯನ್ನು ಹೊತ್ತುಕೊಂಡು ಹೋದರು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರಿಗೆ ಇದು ತಿಳಿಯದ ಸಂಗತಿಯಲ್ಲ.

ಅಧಿಕಾರಿಣಿ ಇನ್ನೂ ಒಂದು ವಿಷಯವನ್ನು ಹೇಳಿದರು. ಇಪ್ಪತ್ತಕ್ಕೂ ಮಿಕ್ಕ ಮೂಲನಿವಾಸಿ ಪಂಗಡಗಳಿಗೆ ಇದು ಪವಿತ್ರಸ್ಥಳ. ಅವರ ವ್ರತ, ಪ್ರಾರ್ಥನೆಗಳು ಹೆಚ್ಚಾಗಿ ನಡೆಯುವುದು ಜೂನ್ ತಿಂಗಳಲ್ಲಿ. ಆದ್ದರಿಂದ 1995ರಲ್ಲಿ ಮಾಡಿದ ಯೋಜನೆಯಂತೆ, ಆ ಒಂದು ತಿಂಗಳು ಬಂಡೆ ಹತ್ತಬೇಡಿರೆಂದು ಆರೋಹಿಗಳನ್ನು ಕೇಳಿಕೊಳ್ಳುತ್ತಾರೆ. ಇದು ಕೇಳಿಕೆ ಮಾತ್ರ, ಅಪ್ಪಣೆಯಲ್ಲ. ಜೂನಿನಲ್ಲಿ ಕೂಲಿಗೆ ಹತ್ತಿಸುವವರಿಗೆ ಪರವಾನಗಿ ಕೊಡುವುದಿಲ್ಲವೆಂದು ಮೊದಲು ಒಂದು ನಿಯಮವಿತ್ತು. ಸರ್ಕಾರ ಒಂದು ಮತದ ಪಕ್ಷ ವಹಿಸಿದಂತಾಯಿತೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಉಳಿದದ್ದು ಬರಿಯ ವಿನಂತಿ. ಹೆಸರು ಬರೆಸಿ ಯಾರು ಬೇಕಾದರೂ ಹತ್ತಬಹುದು, ಬಹುಮಂದಿ ಹತ್ತುವುದಿಲ್ಲ.

ಅಳಿಯಂದಿರಿಗೆ ಈ ವಿನಂತಿಯ ವಿಷಯ ಹೊಸದೇನಲ್ಲ. ಮಗಳ ಶಾಲೆಯ ರಜೆ, ತಮ್ಮ ಕಚೇರಿಯ ರಜೆ ಎರಡೂ ಕೂಡಿ ಬಂದದ್ದು ಜೂನಿನಲ್ಲಿ. ಕಾನೂನಿನ ಅಡ್ಡಿಯಿಲ್ಲವಲ್ಲ ಎಂದು ಹೊರಟಿದ್ದರು. ಮರುದಿನ ಬೆಳಗ್ಗೆ ಅವರೂ ನಾನೂ ಬಂಡೆಯನ್ನು ಸುತ್ತುಹಾಕುವ ಕಾಲುದಾರಿಯಲ್ಲಿ ಹೊರಟೆವು. ಪ್ರದಕ್ಷಿಣೆಗೆ ಹೇಳಿಮಾಡಿಸಿದಂತಿದೆ ಆ ದಾರಿ; ಒಂದು ಸುತ್ತಿಗೆ ಒಂದೂಕಾಲು ಮೈಲಿಗೆ ಸ್ವಲ್ಪ ಮೇಲೆ. ಪೈನ್ ಮರಗಳ ನೆರಳು, ಮೇಲಿನಿಂದ ಮುರಿದುಬಿದ್ದ ಕಂಬಗಳ ರಾಶಿ. ಕೆಲವು ಮರಗಳ ಕೊಂಬೆಗಳಿಗೆ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನೂ ಪುಟ್ಟ ಗಂಟುಗಳನ್ನೂ ಕಟ್ಟಿದ್ದರು. ಅವು ಪ್ರಾರ್ಥನೆಗಳು, ಮುಟ್ಟಬೇಡಿ ಎಂದು ಹಲಗೆಯ ಮೇಲೆ ಬರೆದಿತ್ತು. ಹರಕೆ ಹೊತ್ತು ಮರಕ್ಕೆ ತೊಟ್ಟಿಲು ಕಟ್ಟುವ ನಾಡಿನಿಂದ ಬಂದವನಿಗೆ ಆ ಹಲಗೆಯ ಅವಶ್ಯಕತೆ ಇರಲಿಲ್ಲ.

ದಾರಿಯ ತಿರುವಿನಲ್ಲಿ ಮೂಲನಿವಾಸಿ ಮುದುಕಿಯೊಬ್ಬಳು ಹತ್ತು ವರ್ಷದ ಹುಡುಗನೊಡನೆ ಮರವೊಂದರ ಬಳಿ ನಿಂತಿದ್ದಳು. ಅವಳು ಗಂಟು ಹಿಡಿದುಕೊಂಡಿದ್ದಳು, ಹುಡುಗ ಕೊಂಬೆಯನ್ನು ಬಗ್ಗಿಸುತ್ತಿದ್ದ. ನಾವು ದೂರದಲ್ಲಿಯೇ ನಿಂತೆವು. ಅದೇ ಸಮಯಕ್ಕೆ ಮೇಲಿನಿಂದ ಲೋಹದ ಸಣ್ಣ ಸದ್ದು ಕೇಳಿಸಿತು. ತಲೆಯೆತ್ತಿ ನೋಡಿದರೆ ಕಂಬಗಳ ಸಂದಿಯಲ್ಲಿ ಎರಡು ಬಣ್ಣದ ಚುಕ್ಕೆಗಳು, ಇಬ್ಬರು ಆರೋಹಿಗಳು. ಮುದುಕಿಯೂ ಒಮ್ಮೆ ತಲೆಯೆತ್ತಿ ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ. ಮತ್ತೆ ಬಗ್ಗಿ ಗಂಟನ್ನು ಬಿಗಿದಳು.

ಸ್ವಲ್ಪ ದೂರ ನಡೆದ ಮೇಲೆ ಅಳಿಯಂದಿರು, “ಮಾವ, ಹತ್ತುವವರೆಲ್ಲ ಅಗೌರವದಿಂದ ಹತ್ತುತ್ತಾರೆಯೆ? ಬಂಡೆಯ ಮೇಲೆ ಇರುವಾಗ ನನ್ನ ಮನಸ್ಸು ನಿಲ್ಲುವಷ್ಟು ಯಾವ ದೇವಸ್ಥಾನದಲ್ಲೂ ನಿಂತದ್ದಿಲ್ಲ” ಎಂದರು. ಆ ಮಾತು ಸುಳ್ಳಲ್ಲ. ದೊಡ್ಡಬೆಟ್ಟವನ್ನು ಹತ್ತಿದ ನಾನು ಅದನ್ನು ಅಲ್ಲಗಳೆಯುವುದು ಹೇಗೆ? ಏರುವುದೇ ಭಕ್ತಿಯೆಂಬ ಮತದವರು ನಾವು. ಏರದಿರುವುದೇ ಭಕ್ತಿಯೆಂಬ ಮತದವರು ಅವರು. ಎರಡರಲ್ಲಿ ಯಾವುದು ಹೆಚ್ಚಿನದೆಂದು ತೀರ್ಪು ಕೊಡುವುದು ನನ್ನಿಂದಾಗುವ ಕೆಲಸವಲ್ಲ. ಸುಮ್ಮನೆ ನಡೆದೆ.

ತೀರ್ಪು ಬಂದದ್ದು ಒಲೆಯ ಬಳಿಯಿಂದ. ನಾವು ಹಿಂದಿರುಗಿ ನಡೆದದ್ದನ್ನು ಹೇಳಿದಾಗ, ನನ್ನ ಹೆಂಡತಿ ಕಾಫಿ ಸೋಸುತ್ತ, “ಇದಕ್ಕೆ ಇಲ್ಲಿಯವರು ಇಟ್ಟ ಹೆಸರೇನು?” ಎಂದು ಕೇಳಿದಳು. ಲಕೋಟ ಜನರ ಮಾತಿನಲ್ಲಿ ‘ಮತೋ ತಿಪಿಲ’, ಕರಡಿಯ ಮನೆ ಎಂದು ಅರ್ಥ, ಎಂದು ಅಳಿಯಂದಿರೇ ಹೇಳಿದರು. “ಹಾಗಾದರೆ, ಬಂದವರು ಅಂಗಳದಲ್ಲಿ ಕೂತು ಹೋಗಬೇಕು. ಮನೆಯ ಮಾಡು ಹತ್ತುತ್ತಾರೆಯೆ?” ಎಂದು ಕಾಫಿಯನ್ನು ಮುಂದಿಟ್ಟಳು. ಅಳಿಯಂದಿರು ನಕ್ಕರು. ಆಮೇಲೆ ಬಹಳ ಹೊತ್ತು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೊತೆಗಾರರಿಗೆ ಫೋನು ಮಾಡಿ, ಬರಬೇಡಿರೆಂದು ತಿಳಿಸಿದರು. ಹಗ್ಗದ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಸಂಜೆಯವರೆಗೂ ಹೊರಗೆ ಕುರ್ಚಿ ಹಾಕಿಕೊಂಡು, ಕಂಬಗಳ ಮೇಲೆ ಬಿಸಿಲು ಬಣ್ಣ ಬದಲಾಯಿಸುವುದನ್ನು ನೋಡುತ್ತ ಕುಳಿತಿದ್ದರು. ಇಪ್ಪತ್ತು ವರ್ಷದ ಆಸೆಯನ್ನು ಯಾರೂ ಬಲವಂತ ಮಾಡದೆ ಬಿಟ್ಟುಕೊಟ್ಟವನ ಬಳಿ ಮಾತನಾಡಲು ನನಗೂ ಸಂಕೋಚವಾಯಿತು.

ಸೈತಾನನ ಹೆಸರು ಬಂದ ಬಗೆಯನ್ನೂ ಹೇಳಬೇಕು. ಆ ಬಂಡೆಯ ಪೂರ್ವಕ್ಕಿರುವ ಕಪ್ಪು ಬೆಟ್ಟಗಳ ಸೀಮೆಯನ್ನು 1868ರ ಲಾರಮೀ ಕೋಟೆಯ ಒಪ್ಪಂದ ಲಕೋಟ ಜನರಿಗೆ ಬಿಟ್ಟುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿತು. ಮರುವರ್ಷ ಚಿನ್ನದ ಪರೀಕ್ಷೆಗೆ ಬಂದ ಭೂವಿಜ್ಞಾನಿಗಳಿಗೆ ಕಾವಲಾಗಿ ಸೈನ್ಯದೊಡನೆ ಬಂದವನು ಕರ್ನಲ್ ರಿಚರ್ಡ್ ಡಾಡ್ಜ್. ಮೂಲನಿವಾಸಿಗಳು ಈ ಬಂಡೆಯನ್ನು ಕೆಟ್ಟ ದೇವರ ಗೋಪುರವೆನ್ನುತ್ತಾರೆಂದು ಆತ ಬರೆದ. ಅದೇ ಸೈತಾನನ ಗೋಪುರವಾಯಿತು. ಅದಕ್ಕೆ ಮೊದಲಿನ ನಕ್ಷೆಗಳಲ್ಲಿ ಕರಡಿಯ ಮನೆ ಎಂದೇ ಇತ್ತು. ಡಾಡ್ಜ್‌ಗೆ ದೊರೆತದ್ದು ತಪ್ಪು ತರ್ಜುಮೆಯಿರಬೇಕೆಂದು ಈಗಿನವರ ಊಹೆ. 1877ರಲ್ಲಿ ಕಪ್ಪು ಬೆಟ್ಟಗಳು ಲಕೋಟರ ಕೈಬಿಟ್ಟುವು. 1906ರ ಸೆಪ್ಟೆಂಬರ್ 24ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಈ ಬಂಡೆಯನ್ನು ಆ ದೇಶದ ಮೊತ್ತಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ, ಸೈತಾನನ ಹೆಸರಿಗೆ ಮುದ್ರೆ ಬಿತ್ತು. ಕಪ್ಪು ಬೆಟ್ಟಗಳನ್ನು ಕಿತ್ತುಕೊಂಡದ್ದು ಅನ್ಯಾಯವೆಂದು 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಮಿಕ್ಕ ಪರಿಹಾರ ಗೊತ್ತಾಯಿತು. ಲಕೋಟರು ಇಂದಿಗೂ ಆ ಹಣವನ್ನು ಮುಟ್ಟಿಲ್ಲ. ಅವರು ಕೇಳುವುದು ಬೆಟ್ಟವನ್ನು, ಬೆಲೆಯನ್ನಲ್ಲ. ಹೆಸರನ್ನಾದರೂ ಹಿಂದಿರುಗಿಸಿರೆಂದು 2014-15ರಲ್ಲಿ ಅವರ ಗುರುಗಳಾದ ಆರ್ವಲ್ ಲುಕಿಂಗ್ ಹಾರ್ಸ್ ಅವರು ಅರ್ಜಿ ಹಾಕಿದರು. ಹೆಸರು ಬದಲಾಗಬಾರದೆಂದು ಸಂಸತ್ತಿನಲ್ಲಿ ಮಸೂದೆ ಬಂದರೆ, ಅದು ತೀರ್ಮಾನವಾಗುವವರೆಗೆ ಹೆಸರುಗಳ ಮಂಡಳಿ ಆ ಅರ್ಜಿಯನ್ನು ಮುಟ್ಟುವಂತಿಲ್ಲ. ಅಂಥ ಮಸೂದೆಗಳು ಬಂದುವು. ಹೆಸರು ಹಾಗೆಯೇ ನಿಂತಿದೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಮಲ್ಪೆಯ ಕಡಲು. ಅಲ್ಲಿಯ ದ್ವೀಪಗಳಲ್ಲಿಯೂ ಇಂಥವೇ ಮುಖಗಳುಳ್ಳ ಕಲ್ಲಿನ ಕಂಬಗಳಿವೆ. ಭಾರತದಿಂದ ಮಡಗಾಸ್ಕರ್ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಶಿಲೆಗಳು. ಅಲ್ಲಿಯವರು ತೋನ್ಸೆಪಾರ್ ಎನ್ನುವ ಆ ದ್ವೀಪವನ್ನು ಭೂಪಟ ಸೇಂಟ್ ಮೇರೀಸ್ ಎನ್ನುತ್ತದೆ. 1498ರಲ್ಲಿ ಆ ದಾರಿಯಾಗಿ ಬಂದ ವಾಸ್ಕೊ ಡ ಗಾಮ ಇಟ್ಟ ಹೆಸರೆಂದು ಪ್ರತೀತಿ. ಹೆಸರಿಡುವುದೂ ಏರುವುದರ ಒಂದು ಬಗೆಯೇ. ಹಾದುಹೋಗುವವನು ಒಂದು ಗಳಿಗೆ ನಿಂತು ಇಟ್ಟ ಹೆಸರು ಕಲ್ಲಿಗೆ ಅಂಟಿಕೊಳ್ಳುತ್ತದೆ. ತಲೆತಲಾಂತರದಿಂದ ಅದರ ನೆರಳಿನಲ್ಲಿದ್ದವರು ಕರೆದ ಹೆಸರು ಅವರ ಬಾಯಲ್ಲಿ ಮಾತ್ರ ಉಳಿಯುತ್ತದೆ. 2014ರಲ್ಲಿ ಬೆಂಗಳೂರು ಇಂಗ್ಲಿಷಿನಲ್ಲಿಯೂ ಬೆಂಗಳೂರಾದಾಗ ಅದರಿಂದೇನು ಲಾಭವೆಂದು ಕೇಳಿದವರಲ್ಲಿ ನನ್ನ ಸ್ನೇಹಿತರೂ ಇದ್ದರು. ಲಾಭವೇನೆಂಬುದನ್ನು ಲಕೋಟರು ಹೇಳಬಲ್ಲರು.

‘ತಿಪಿ’ ಎಂದರೆ ಆ ಬಯಲಿನವರ ವಾಸದ ಮನೆ. ಮರದ ಗಳುಗಳ ಮೇಲೆ ಕಾಡೆಮ್ಮೆಯ ಚರ್ಮ ಹೊದಿಸಿದ ಗುಡಾರ. ಅದರ ಒಡೆತನ ಹೆಂಗಸರದು. ಕಾಡೆಮ್ಮೆಯ ಹಿಂಡು ಹೋದ ಕಡೆ ಆ ಮನೆಗಳೂ ಹೋಗುತ್ತಿದ್ದುವು. ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವುದು ಆ ನೆಲಕ್ಕೆ ಹೊಸದಲ್ಲವೆಂದಾಯಿತು. ಹಾಗೆ ತಿರುಗುತ್ತಿದ್ದವರನ್ನು ಮೀಸಲು ಸೀಮೆಗಳ ಎಲ್ಲೆಯೊಳಗೆ ಕೂರಿಸಿ, ಅದೇ ಬಯಲಿನಲ್ಲಿ ಇಂದು ಬಾಡಿಗೆಯ ಮನೆಬಂಡಿಗಳು ತಿರುಗುತ್ತಿವೆ. ನಮ್ಮದೂ ಅವುಗಳಲ್ಲಿ ಒಂದು.

ಮೂರನೆಯ ದಿನ ಬೆಳಗ್ಗೆ ಹೊರಟೆವು. ಗಾಲಿಯ ಕೆಳಗಣ ಹಲಗೆಗಳು ಒಳಗೆ ಬಂದುವು. ಬೀರುಗಳಿಗೆ ಚಿಲಕ ಬಿದ್ದುವು. ನೆಲದ ಮೇಲೆ ಒಂದು ಕಾಗದದ ಚೂರೂ ಇಲ್ಲದಂತೆ ಮಗಳು ನೋಡಿಕೊಂಡಳು. ಅಳಿಯಂದಿರು ಬಂಡಿಯನ್ನು ಹತ್ತುವ ಮುನ್ನ ಒಮ್ಮೆ ನೆತ್ತಿಯ ಕಡೆ ನೋಡಿ, ಏನೂ ಹೇಳದೆ ಬಾಗಿಲು ಹಾಕಿಕೊಂಡರು. ರಸ್ತೆಯ ತಿರುವಿನಲ್ಲಿ ಮೊಮ್ಮಗಳು ಹಿಂದಿನ ಕಿಟಕಿಗೆ ಮೂಗು ಒತ್ತಿ ಕುಳಿತಿದ್ದಳು. ಅವಳಿಗೆ ಬರುವ ಕನ್ನಡ ಸ್ವಲ್ಪವೇ. ಅದೂ ಅಜ್ಜಿಯ ಬಳಿ ಮಾತ್ರ. ಬಂಡೆ ದಿಣ್ಣೆಯ ಹಿಂದೆ ಮರೆಯಾಗುವಾಗ, “ಅಜ್ಜಿ, ಕರಡಿ ಮನೆ ಹೋಯ್ತು” ಎಂದಳು. ಡಾಡ್ಜ್ ಸಾಹೇಬರ ತರ್ಜುಮೆಗಿಂತ ಇದು ಸರಿಯಾದ ತರ್ಜುಮೆ.